ತಾಳ ಹಿಡಿದವಳ ಜಾಗ

2024 ಜನವರಿ 21, ಭಾನುವಾರ, ಮೈಸೂರು

ಬೆಳಗಿನ ಬ್ಯಾಚಿಗೆ ಇವತ್ತೂ ಅದೇ ಪಾಠ. ಹೈ-ಹ್ಯಾಟ್ ಮೇಲೆ ಎಂಟು, ಒಂದಕ್ಕೂ ಮೂರಕ್ಕೂ ಕಿಕ್, ಎರಡಕ್ಕೂ ನಾಲ್ಕಕ್ಕೂ ಸ್ನೇರ್. ಹುಡುಗರಿಗೆ ಬೇಜಾರು. ರೋಲ್ ಹೇಳಿಕೊಡಿ ಮಿಸ್ ಅಂತ ಒಂದೇ ಸಮ ಪೀಡಿಸುತ್ತಾರೆ. ಬಿ.ಕಾಂ. ಓದುವ ಹುಡುಗಿಯೊಬ್ಬಳೇ ಮೆಟ್ರೊನೋಮನ್ನು ಅರವತ್ತಕ್ಕೆ ಇಳಿಸಿಕೊಂಡು ಅದೊಂದನ್ನೇ ನುಡಿಸುತ್ತಾ ಕೂತಳು. ಅರವತ್ತರಲ್ಲಿ ನಿಲ್ಲುವುದು ನೂರಿಪ್ಪತ್ತರಲ್ಲಿ ಓಡುವುದಕ್ಕಿಂತ ಕಷ್ಟ. ಎರಡು ಪೆಟ್ಟುಗಳ ನಡುವೆ ಅಷ್ಟು ಖಾಲಿ ಜಾಗ ಸಿಕ್ಕರೆ ಕೈ ತಾನಾಗಿ ಮುಂದಕ್ಕೆ ಜಾರುತ್ತದೆ. ಅವಳದು ಜಾರಲಿಲ್ಲ. ಎಡಗೈಯ ಕೋಲು ಸ್ನೇರ್ ಮೇಲೆ ಬೀಳುವ ಮುಂಚೆ ಒಂದು ಗಳಿಗೆ ಮೇಲೆಯೇ ನಿಂತು, ಹೊತ್ತಿಗೆ ಸರಿಯಾಗಿ ಇಳಿಯುತ್ತಿತ್ತು. ನುಡಿಸುತ್ತಲೇ ರಾಜನ್-ನಾಗೇಂದ್ರರ ಹಳೆಯದೊಂದು ಹಾಡನ್ನು ಗುನುಗುತ್ತಿದ್ದಳು. ದನಿ ತುಂಬ ಚೆನ್ನಾಗಿದೆ. ಶ್ರುತಿ ಎಲ್ಲೂ ಅಲುಗಲಿಲ್ಲ.

ಕರೆದುಕೊಂಡು ಹೋಗಲು ಬಂದಿದ್ದ ಅವಳ ತಾಯಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಹೊರಡುವಾಗ, “ಮೇಡಂ, ಇವಳ ಗಂಟಲು ಚೆನ್ನಾಗಿದೆ ಅಂತ ಎಲ್ಲಾರೂ ಹೇಳ್ತಾರೆ. ಹಾಡೋಕೆ ಹಾಕಿದ್ರೆ ನಾಲ್ಕು ಜನ ಗುರುತು ಹಿಡೀತಾರೆ. ಇಲ್ಲಿ ಹಿಂದೆ ಕೂತಿದ್ರೆ ಯಾರಿಗೆ ಕಾಣ್ತಾಳೆ?” ಅಂದರು. ಮಗಳ ಮೇಲಿನ ಪ್ರೀತಿಯ ಮಾತು ಅದು. ಹುಡುಗಿ ಕೋಲುಗಳನ್ನು ಚೀಲಕ್ಕೆ ಹಾಕುತ್ತಾ ಸುಮ್ಮನಿದ್ದಳು.

ಸಂಜೆ ಆರ್ಕೆಸ್ಟ್ರಾ ಮಾಲೀಕರ ಫೋನು. ಆ ಹುಡುಗಿ ಹಾಡಿದ ವಿಡಿಯೊ ಯಾರೋ ಕಳಿಸಿದ್ದಾರಂತೆ. “ಯುಗಾದಿ ಪ್ರೋಗ್ರಾಮಿಗೆ ಅವಳನ್ನ ಮುಂದೆ ನಿಲ್ಲಿಸೋಣ ಅಕ್ಕ. ಡ್ರಮ್ಸ್‌ಗೆ ಯಾರಾದ್ರೂ ಹುಡುಗ ಸಿಕ್ತಾನೆ.” ಯುಗಾದಿಗೆ ನನ್ನ ಸ್ಟೂಲಿನಲ್ಲಿ ಅವಳನ್ನು ಕೂರಿಸಿ ನಾನು ಮೃದಂಗಕ್ಕೂ ಪ್ಯಾಡಿಗೂ ಹೋಗಬೇಕು ಎಂದುಕೊಂಡಿದ್ದೆ. ನೋಡೋಣ ಎಂದಷ್ಟೇ ಹೇಳಿದೆ.

ಜನವರಿ 27, ಶನಿವಾರ

ವಾರವೆಲ್ಲ ಕೇರನ್ ಕಾರ್ಪೆಂಟರ್ ತಲೆಯಲ್ಲಿ. ಅವಳ ಹಾಡು ಕೇಳಿದ ನಮ್ಮವರು ಎಷ್ಟೋ ಜನ. ಅವಳು ಡ್ರಮ್ಮರ್ ಎಂದು ಗೊತ್ತಿರುವವರು ಬಹಳ ಕಡಿಮೆ.

ಹುಟ್ಟಿದ್ದು 1950ರಲ್ಲಿ, ಅಮೆರಿಕದ ಪೂರ್ವ ದಂಡೆಯ ನ್ಯೂ ಹೇವನ್‌ನಲ್ಲಿ. ಅವಳಿಗೆ ಹದಿಮೂರಾದಾಗ ಮನೆಯವರು ಕ್ಯಾಲಿಫೋರ್ನಿಯಾದ ಡೌನಿಗೆ ಬಂದರು. ಆಟದ ಪೀರಿಯಡ್ ತಪ್ಪಿಸಿಕೊಳ್ಳಲು ಹೈಸ್ಕೂಲಿನ ಮೆರವಣಿಗೆ ಬ್ಯಾಂಡಿಗೆ ಸೇರಿದಳು. ಅಲ್ಲಿ ಅವಳಿಗೆ ಕೊಟ್ಟಿದ್ದು ಗ್ಲಾಕೆನ್‌ಸ್ಪೀಲ್, ಲೋಹದ ಪಟ್ಟಿಗಳನ್ನು ತಟ್ಟುವ ವಾದ್ಯ. ಅದನ್ನು ಹಿಡಿದು ನಡೆಯುವಾಗ ಅವಳ ಕಣ್ಣೆಲ್ಲ ಡ್ರಮ್ಮಿನ ಸಾಲಿನ ಮೇಲೆ. ಮನೆಗೆ ಬಂದು ಎತ್ತರದ ಸ್ಟೂಲುಗಳನ್ನು ಸುತ್ತ ಇಟ್ಟುಕೊಂಡು, ಚೀನೀಯರು ಊಟಕ್ಕೆ ಬಳಸುವ ಕಡ್ಡಿಗಳಿಂದ ಅವುಗಳ ಮೇಲೆ ನುಡಿಸುತ್ತಿದ್ದಳು. ಕೊನೆಗೆ ಅಪ್ಪ-ಅಮ್ಮ ಲುಡ್‌ವಿಗ್ ಸೆಟ್ ಕೊಡಿಸಿದರು. ಅಣ್ಣ ರಿಚರ್ಡ್ ಪಿಯಾನೊ, ಗೆಳೆಯನೊಬ್ಬ ಬೇಸ್ ಮತ್ತು ಟ್ಯೂಬಾ, ಇವಳು ಡ್ರಮ್ಸ್. 1966ರಲ್ಲಿ ಹಾಲಿವುಡ್ ಬೌಲ್‌ನಲ್ಲಿ ನಡೆದ ಬ್ಯಾಂಡುಗಳ ಸ್ಪರ್ಧೆಯಲ್ಲಿ ಈ ಮೂವರು ಗೆದ್ದರು. ಆಗ ಅವಳಿಗೆ ಹದಿನಾರು.

ಅವಳು ಗುರುವಿನಂತೆ ಕಂಡಿದ್ದು ಜೋ ಮೊರೆಲ್ಲೊನನ್ನು, ಡೇವ್ ಬ್ರೂಬೆಕ್ ಕ್ವಾರ್ಟೆಟ್‌ನ ಡ್ರಮ್ಮರ್. 1959ರ ‘ಟೈಮ್ ಔಟ್’ ರೆಕಾರ್ಡಿನಲ್ಲಿರುವ ‘ಟೇಕ್ ಫೈವ್’ ಐದು ಮಾತ್ರೆಯದು. ಮೃದಂಗದಿಂದ ಬಂದ ನನಗೆ ಅದನ್ನು ಮೊದಲ ಸಲ ಕೇಳಿದಾಗ ಖಂಡಛಾಪು ಎನಿಸಿತು. ಆದರೆ ನಮ್ಮ ತಕ-ತಕಿಟ ಎರಡು, ಮೂರು ಎಂದು ನಡೆದರೆ ಅದು ಮೂರು, ಎರಡು ಎಂದು ನಡೆಯುತ್ತದೆ. ಒತ್ತು ಆಚೆ ಈಚೆ ಆದದ್ದರಿಂದ ನಡಿಗೆಯೇ ಬೇರೆ. ಬ್ರೂಬೆಕ್ ತಂಡ 1958ರಲ್ಲಿ ಭಾರತಕ್ಕೆ ಬಂದಿತ್ತು. ಮದರಾಸಿನಲ್ಲಿ ಮೊರೆಲ್ಲೊ ಕೂತು ನುಡಿಸಿದ್ದು ಪಳನಿ ಸುಬ್ರಮಣ್ಯ ಪಿಳ್ಳೈ ಅವರ ಮೃದಂಗದ ಜೊತೆಗೆ. ಡೌನಿಯ ಹುಡುಗಿ ತನ್ನ ಕೋಣೆಯಲ್ಲಿ ರೆಕಾರ್ಡ್ ಹಾಕಿಕೊಂಡು ಕಲಿತ ಕೈ ನಮ್ಮ ಪಳನಿಯವರ ಎದುರು ಕೂತು ಬಂದ ಕೈ. ಇದು ತಿಳಿದಾಗಿನಿಂದ ಅವಳು ನನಗೆ ದೂರದವಳು ಎನಿಸಿಲ್ಲ.

1969ರಲ್ಲಿ ಅಣ್ಣ-ತಂಗಿಯ ಮೊದಲ ಆಲ್ಬಮ್ ಬಂತು. ಅದರ ಡ್ರಮ್ಸ್ ಪೂರ್ತಿ ಅವಳದೇ. ಬೀಟಲ್ಸ್‌ನ ‘ಟಿಕೆಟ್ ಟು ರೈಡ್’ ಹಾಡನ್ನು ಅವರು ನಿಧಾನ ಮಾಡಿ, ದುಃಖದ ಹಾಡಾಗಿಸಿ ಹಾಡಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಡ್ರಮ್ಸ್ ಒಂದನ್ನೇ ಹಿಂಬಾಲಿಸಿದೆ. ಸಾಲು ಮುಗಿಯುವವರೆಗೆ ಕೈ ಮಾತನ್ನು ಮುಟ್ಟುವುದಿಲ್ಲ. ಸಾಲು ಮುಗಿದು ಅವಳು ಉಸಿರು ತೆಗೆದುಕೊಳ್ಳುವಲ್ಲಿ ಟಾಮ್‌ಗಳು ಮಾತಾಡುತ್ತವೆ. ಹಾಡುವವಳೂ ನುಡಿಸುವವಳೂ ಒಬ್ಬಳೇ ಆದ್ದರಿಂದ ಉಸಿರು ಎಲ್ಲಿದೆ ಎಂದು ಕೈಗೆ ಮೊದಲೇ ಗೊತ್ತು.

ಫೆಬ್ರವರಿ 4, ಭಾನುವಾರ

1983ರಲ್ಲಿ ಇದೇ ದಿನ ಕೇರನ್ ತೀರಿಕೊಂಡಳು. ಮೂವತ್ತೆರಡು ವರ್ಷ. ಅನೊರೆಕ್ಸಿಯಾ ಅವಳ ಹೃದಯವನ್ನು ಸೋಲಿಸಿತು. ಆ ಕಾಯಿಲೆಯನ್ನೂ ಡ್ರಮ್ಸ್ ಬಿಡಿಸಿದ್ದನ್ನೂ ಗಂಟು ಹಾಕಿ ಕಥೆ ಕಟ್ಟುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಕಾಯಿಲೆಗೆ ಅದರದೇ ಕಾರಣಗಳಿರುತ್ತವೆ. ಡ್ರಮ್ಸ್ ಬಿಡಿಸಿದ್ದು ತಾನಾಗಿಯೇ ಒಂದು ನಷ್ಟ, ಅದನ್ನು ದೊಡ್ಡದು ಮಾಡಲು ಸಾವಿನ ನೆರವು ಬೇಕಿಲ್ಲ.

ನಡೆದದ್ದು ಹೀಗೆ. 1970ರಲ್ಲಿ ‘ಕ್ಲೋಸ್ ಟು ಯು’ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅದರ ಡ್ರಮ್ಸ್ ಹ್ಯಾಲ್ ಬ್ಲೇನ್ ಅವರದು, ಲಾಸ್ ಏಂಜಲೀಸ್ ಸ್ಟುಡಿಯೊಗಳ ಅತಿ ಬೇಡಿಕೆಯ ಕೈ. ಮುಂದಿನ ಹೆಸರಾದ ಹಾಡುಗಳಲ್ಲೂ ಹೆಚ್ಚಾಗಿ ಅವರೇ. ವೇದಿಕೆಯ ಮೇಲೆ ಇನ್ನೊಂದು ತಕರಾರು ಹುಟ್ಟಿತು. ಕೇರನ್ ಗಿಡ್ಡ ಹುಡುಗಿ, ಟಾಮ್‌ಗಳ ಹಿಂದೆ ಕೂತರೆ ಜನರಿಗೆ ಮುಖ ಕಾಣುವುದಿಲ್ಲ. ಹಾಡುವವಳ ಮುಖ ಕಾಣಬೇಕು. ಮೊದಲು ನಿಧಾನದ ಹಾಡುಗಳಿಗೆ ಎದ್ದು ಮುಂದೆ ಬರಲಿ ಎಂದರು. ಆಮೇಲೆ ಹೆಚ್ಚಿನ ಹಾಡುಗಳಿಗೆ. ಪ್ರವಾಸಕ್ಕೆ ಬೇರೆ ಡ್ರಮ್ಮರ್ ಬಂದ. ತಾನು ಹಾಡುವ ಡ್ರಮ್ಮರ್ ಎಂದು ಅವಳು ಕೊನೆಯವರೆಗೂ ಹೇಳಿಕೊಂಡಳು. ಕೇಳುವವರಿಗೆ ಅವಳು ಗಾಯಕಿ.

ಹ್ಯಾಲ್ ಬ್ಲೇನ್ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಜನಪ್ರಿಯ ಸಂಗೀತದಲ್ಲಿ ಡ್ರಮ್ಸ್ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳಿಸುವುದು ಅವರನ್ನೇ. 1963ರ ‘ಬಿ ಮೈ ಬೇಬಿ’, ರೊನೆಟ್ಸ್ ಹಾಡಿದ್ದು. ಶುರುವಿನಲ್ಲಿ ದನಿ ಇಲ್ಲ, ಡ್ರಮ್ಸ್ ಮಾತ್ರ. ಕಿಕ್ ಒಂದು, ಸ್ವಲ್ಪ ಬಿಟ್ಟು ಒಟ್ಟಿಗೆ ಎರಡು, ನಾಲ್ಕನೆಯ ಮಾತ್ರೆಗೆ ಸ್ನೇರ್. ಎರಡನೆಯದಕ್ಕೂ ಸ್ನೇರ್ ಬೀಳಬೇಕಾಗಿತ್ತು, ಬೀಳುವುದಿಲ್ಲ. ಆ ಬಿಟ್ಟ ಪೆಟ್ಟಿಗಾಗಿ ಕಿವಿ ಕಾಯುತ್ತದೆ, ಹಾಗೆ ಕಾಯುವಾಗಲೇ ಹಾಡಿನೊಳಗೆ ಹೋಗಿರುತ್ತೇವೆ. ರಾಗ ಬರುವ ಮುಂಚೆ, ಮಾತು ಬರುವ ಮುಂಚೆ ಹಾಡು ಯಾವುದೆಂದು ತಿಳಿಯುತ್ತದೆ. ನಮ್ಮ ಆರ್ಕೆಸ್ಟ್ರಾದಲ್ಲೂ ಹೀಗೇ. ಕೀಬೋರ್ಡ್ ಶುರುವಾಗುವ ಮೊದಲೇ ಢೋಲಕ್ಕಿನ ನಾಲ್ಕು ಪೆಟ್ಟಿಗೆ ಜನ ಶಿಳ್ಳೆ ಹಾಕಿಬಿಡುತ್ತಾರೆ.

ಇನ್ನೊಂದನ್ನೂ ಬರೆದಿಡಬೇಕು. ಆ ಕಾಲದ ಸ್ಟುಡಿಯೊಗಳು ಗಂಡಸರನ್ನೂ ಎಬ್ಬಿಸಿವೆ. 1965ರ ‘ಮಿಸ್ಟರ್ ಟ್ಯಾಂಬರೀನ್ ಮ್ಯಾನ್’ ಹಾಡಿನಲ್ಲಿ ಬರ್ಡ್ಸ್ ತಂಡದ ಡ್ರಮ್ಮರ್ ಬದಲು ನುಡಿಸಿದ್ದು ಬ್ಲೇನ್. ಬೀಚ್ ಬಾಯ್ಸ್‌ನ ಎಷ್ಟೋ ಹಾಡುಗಳಲ್ಲೂ ಅವರೇ. ಆದರೆ ಆ ಹುಡುಗರು ರೆಕಾರ್ಡಿಂಗ್ ಮುಗಿದ ಮೇಲೆ ವೇದಿಕೆಯಲ್ಲಿ ತಮ್ಮ ಸ್ಟೂಲಿಗೆ ವಾಪಸು ಬಂದರು. ಮುಖ ಕಾಣುವುದಿಲ್ಲ ಎಂದು ಅವರನ್ನು ಯಾರೂ ಎಬ್ಬಿಸಲಿಲ್ಲ.

ಕೇರನ್ ಕೈ ಬಿಡಲಿಲ್ಲ. 1973ರ ‘ನೌ ಅಂಡ್ ದೆನ್’ ಆಲ್ಬಮಿನಲ್ಲಿ ಹೆಚ್ಚಿನ ಡ್ರಮ್ಸ್ ಅವಳದೇ. 1975ರಲ್ಲಿ ಅಮೆರಿಕದ ಪತ್ರಿಕೆಯೊಂದರ ಓದುಗರು ಅವಳನ್ನು ವರ್ಷದ ಉತ್ತಮ ಡ್ರಮ್ಮರ್ ಎಂದು ಆರಿಸಿದರು, ಲೆಡ್ ಜೆಪೆಲಿನ್‌ನ ಜಾನ್ ಬಾನಮ್ ಅಂಥವರಿದ್ದ ಕಾಲದಲ್ಲಿ. 1976ರ ಟೀವಿ ಕಾರ್ಯಕ್ರಮದಲ್ಲಿ ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ಓಡಾಡುತ್ತಾ ನುಡಿಸುತ್ತಾಳೆ. ಆ ನಗುವನ್ನು ಅವಳ ಬೇರೆ ವಿಡಿಯೊಗಳಲ್ಲಿ ನಾನು ಕಂಡಿಲ್ಲ.

ಫೆಬ್ರವರಿ 16, ಶುಕ್ರವಾರ

ಹುಡುಗಿಗೆ 1976ರ ವಿಡಿಯೊ ತೋರಿಸಿದೆ. ನೋಡುತ್ತಾ ನೋಡುತ್ತಾ ಅವಳ ಪಾದ ನೆಲದ ಮೇಲೆ ಕಿಕ್ ಹಾಕತೊಡಗಿತು. ಮುಗಿದ ಮೇಲೆ ಅವಳು ಕೇಳಿದ್ದು ಒಂದೇ: “ಇಷ್ಟು ಚೆನ್ನಾಗಿ ನುಡಿಸೋರು ಎದ್ದಿದ್ದು ಯಾಕಕ್ಕಾ?” ಹೇಳಿದೆ. ಕೇಳಿಸಿಕೊಂಡು, ಪ್ಯಾಡಿನ ಮೇಲೆ ಪ್ಯಾರಡಿಡಲ್ ಶುರು ಮಾಡಿದಳು. ಬಲ ಎಡ ಬಲ ಬಲ, ಎಡ ಬಲ ಎಡ ಎಡ.

ಅವಳಿಗೆ ಇನ್ನಿಬ್ಬರನ್ನೂ ಕೇಳಿಸಿದೆ. ಒಬ್ಬಳು ಲಂಡನ್ನಿನ ಹನಿ ಲ್ಯಾಂಟ್ರಿ. ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ಅವಳ ತಂಡ ಹನಿಕೋಂಬ್ಸ್, 1964ರಲ್ಲಿ ‘ಹ್ಯಾವ್ ಐ ದ ರೈಟ್’ ಹಾಡಿನಿಂದ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಏರಿತು. ರೆಕಾರ್ಡ್ ಮಾಡಿದ ಜೋ ಮೀಕ್ ಅವರ ಸ್ಟುಡಿಯೊ ಎಂದರೆ ಹಾಲೊವೇ ರಸ್ತೆಯ ಅಂಗಡಿಯೊಂದರ ಮೇಲಿನ ಮನೆ. ಡ್ರಮ್ಸ್ ಸದ್ದು ದಪ್ಪಗಾಗಲಿ ಎಂದು ತಂಡದವರನ್ನು ಮರದ ಮೆಟ್ಟಿಲ ಮೇಲೆ ನಿಲ್ಲಿಸಿ ತುಳಿಸಿದರು, ಸೈಕಲ್ ಸವಾರರು ಪ್ಯಾಂಟಿಗೆ ಹಾಕಿಕೊಳ್ಳುವ ಕ್ಲಿಪ್ಪಿನಿಂದ ಮೈಕುಗಳನ್ನು ಮೆಟ್ಟಿಲ ಕಂಬಿಗೆ ಸಿಕ್ಕಿಸಿದರು. ಆ ಧಬಧಬ ಇವತ್ತಿಗೂ ಎದೆಗೆ ಬಂದು ಬಡಿಯುತ್ತದೆ. ಹಾಡು ಗೆದ್ದ ಮೇಲೆ ಹನಿಯ ಪಾಲಿಗೆ ಬಂದದ್ದು ಅನುಮಾನ. ನಿಜವಾಗಿ ಇವಳೇ ನುಡಿಸುತ್ತಾಳಾ, ಚೆಂದಕ್ಕೆ ಕೂರಿಸಿದ್ದಾರಾ ಎಂದು. ಇಂಥ ಪ್ರಶ್ನೆ ಗಿಟಾರ್ ಹಿಡಿದ ಹುಡುಗನಿಗೆ ಬರುವುದಿಲ್ಲ.

ಇನ್ನೊಬ್ಬಳು ನ್ಯೂಯಾರ್ಕಿನ ಮೋ ಟಕರ್, ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದವಳು. ಸ್ಟೂಲೇ ಬೇಡವೆಂದು ನಿಂತು ನುಡಿಸಿದಳು. ಬೇಸ್ ಡ್ರಮ್ಮನ್ನು ಅಡ್ಡ ಮಲಗಿಸಿ, ಕೋಲಿನ ಬದಲು ತುದಿಗೆ ಉಂಡೆಯಿರುವ ಮ್ಯಾಲೆಟ್‌ಗಳಿಂದ ಮೇಲಿನಿಂದ ಬಡಿಯುತ್ತಿದ್ದಳು. ಸಿಂಬಲ್‌ಗಳನ್ನು ಮುಟ್ಟುತ್ತಿದ್ದದ್ದು ಅಪರೂಪ. ಅವಳ ಕಿವಿಯಲ್ಲಿದ್ದದ್ದು ನೈಜೀರಿಯಾದ ಬಾಬಟುಂಡೆ ಒಲಟುಂಜಿಯ ಡೋಲುಗಳು ಮತ್ತು ಬೋ ಡಿಡ್ಲಿಯ ಲಯ. ಸಿಂಬಲ್ ಇಲ್ಲದಿರುವಾಗ ಗಿಟಾರಿನ ಕಿರುಚಾಟಕ್ಕೂ ಹಾಡುವವನ ದನಿಗೂ ಮೇಲೆ ಜಾಗ ಉಳಿಯುತ್ತದೆ, ಕೆಳಗೆ ಭೂಮಿ ನಡೆದ ಹಾಗೆ ಡ್ರಮ್ಸ್. 1967ರ ಅವರ ಮೊದಲ ಆಲ್ಬಮಿನ ‘ಹೆರಾಯಿನ್’ ಹಾಡಿನಲ್ಲಿ ಲಯ ಏರುತ್ತದೆ, ಇಳಿಯುತ್ತದೆ, ಒಂದು ಕಡೆ ಡ್ರಮ್ಸ್ ನಿಂತೇ ಹೋಗುತ್ತದೆ. ಉಳಿದವರ ಸದ್ದು ಕೇಳಿಸದೆ ನಿಲ್ಲಿಸಿದೆ ಎಂದು ಅವಳೇ ಹೇಳಿದ್ದಾಳೆ. ನಿಂತದ್ದನ್ನು ರೆಕಾರ್ಡಿನಲ್ಲಿ ಹಾಗೆಯೇ ಬಿಟ್ಟರು. ಮೆಟ್ರೊನೋಮ್ ಹಿಡಿದು ಪಾಠ ಹೇಳುವ ನಾನು ಈ ಹಾಡನ್ನು ಪ್ರತಿ ಸಲ ಮೈಯೆಲ್ಲ ಕಿವಿಯಾಗಿ ಕೇಳುತ್ತೇನೆ.

“ಇವರು ರೋಲೇ ಹಾಕಲ್ವಾ?” ಎಂದು ಬ್ಯಾಚಿನ ಹುಡುಗನೊಬ್ಬ ನಿರಾಶೆಯಿಂದ ಕೇಳಿದ.

ಫೆಬ್ರವರಿ 25, ಭಾನುವಾರ

ನಮ್ಮ ಕಡೆಯದನ್ನೂ ಹೇಳದೆ ಬರೀ ಅವರ ಕಡೆಯದನ್ನೇ ಹೇಳಿದರೆ ಹುಡುಗಿಗೆ ಇದು ಹೊರಗಿನವರ ಸಂಗತಿ ಎನಿಸಬಹುದು. ಅದಕ್ಕೆ ಇವತ್ತು ಸುಕನ್ಯಾ ರಾಮಗೋಪಾಲ್ ಅವರ ಘಟತರಂಗ ಕೇಳಿಸಿದೆ. ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಇಟ್ಟುಕೊಂಡು ಅವುಗಳಲ್ಲೇ ಸ್ವರ ಹೊರಡಿಸುತ್ತಾರೆ. ಮದರಾಸಿನಲ್ಲಿ ಮೃದಂಗ ಕಲಿಯಲು ಹೋದವರು ಘಟದ ನಾದಕ್ಕೆ ಸೋತರು. ವಿಕ್ಕು ವಿನಾಯಕರಾಂ ಅವರಿಗೆ ಮೊದಲು ಹಿಂಜರಿಕೆ. ಮಣ್ಣಿನ ಮಡಕೆಯನ್ನು ಹೊಡೆಯುವುದು ಹೆಣ್ಣಿನ ಬೆರಳಿಗೆ ಕಷ್ಟವೆಂದು. ಅವರ ತಂದೆ ಹರಿಹರ ಶರ್ಮರು ಕಲಿಸಲು ಒಪ್ಪಿದರು. ಆಮೇಲೆ ವಿಕ್ಕು ಅವರೇ ಗುರುವಾದರು. ಕಲಿತದ್ದಾಯಿತು, ಕಛೇರಿ ಸಿಗಬೇಕಲ್ಲ? ಹೆಣ್ಣು ಘಟ ನುಡಿಸುತ್ತಾಳೆ ಎಂದರೆ ಜೊತೆಗೆ ಕೂರಲು ಒಪ್ಪದ ಮೃದಂಗದವರಿದ್ದರು. ಬೆಂಗಳೂರಿನಲ್ಲಿ ನೆಲೆಸಿದ ಅವರು 1995ರಲ್ಲಿ ‘ಸ್ತ್ರೀ ತಾಳ ತರಂಗ’ ಕಟ್ಟಿದರು, ಎಲ್ಲರೂ ಹೆಂಗಸರೇ ಇರುವ ಲಯವಾದ್ಯ ತಂಡ. ಮುಂದೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಬಂತು.

ನನ್ನದು ಇದರ ಸಣ್ಣ ತುಂಡು. ಮೃದಂಗ ಕಲಿತೆ, ಪರೀಕ್ಷೆಗಳನ್ನೂ ಪಾಸು ಮಾಡಿದೆ, ಕಛೇರಿಗೆ ಕರೆಯುವವರು ಇರಲಿಲ್ಲ. ಹಾಡುವ ಹೆಣ್ಣುಮಕ್ಕಳಿಗೇ ಗಂಡಸರ ಪಕ್ಕವಾದ್ಯ ಬೇಕಿತ್ತು. ಆರ್ಕೆಸ್ಟ್ರಾದವರು ಕರೆದರು, ಹೋದೆ. ಮೈದಾನದಲ್ಲಿ ಮೂರು ಸಾವಿರ ಜನ ಒಂದೇ ತಾಳಕ್ಕೆ ಚಪ್ಪಾಳೆ ತಟ್ಟುವುದನ್ನು ಸ್ಟೂಲಿನ ಮೇಲೆ ಕೂತು ಒಮ್ಮೆ ಕೇಳಿದ ಮೇಲೆ ನನಗೆ ಬೇರೇನೂ ಬೇಡವಾಯಿತು.

ಮಾರ್ಚ್ 9, ಶನಿವಾರ

ಇಡೀ ರಾತ್ರಿ ನಿದ್ದೆಯಿಲ್ಲ, ಆದರೂ ಮಲಗುವ ಮೊದಲು ಬರೆದುಬಿಡಬೇಕು.

ತಿ. ನರಸೀಪುರದ ಹತ್ತಿರದ ಊರಿನಲ್ಲಿ ಶಿವರಾತ್ರಿ ಜಾಗರಣೆಯ ಕಾರ್ಯಕ್ರಮ. ಈ ವರ್ಷ ಶಿವರಾತ್ರಿಯೂ ಮಹಿಳಾ ದಿನವೂ ಒಂದೇ ದಿನ ಬಿದ್ದಿತ್ತು. ಸಂಜೆಯ ಮೆರವಣಿಗೆಗೆ ಶಿವಮೊಗ್ಗ ಕಡೆಯ ಮಹಿಳಾ ಡೊಳ್ಳು ತಂಡ ಬಂದಿತ್ತು. ಬೀರೇಶ್ವರನ ಒಕ್ಕಲಿನ ಗಂಡಸರ ಸೊಂಟದಲ್ಲೇ ಇದ್ದ ವಾದ್ಯ. ಈಗ ಕಚ್ಚೆ ಸೀರೆ ಉಟ್ಟ ಹುಡುಗಿಯರು ಅದನ್ನು ಕಟ್ಟಿಕೊಂಡು ಒಬ್ಬರ ಮೇಲೊಬ್ಬರು ನಿಂತು ಬಾರಿಸುತ್ತಾರೆ. ಅವರು ನಿಲ್ಲಿಸಿದ ಮೇಲೂ ಗುಡಿಯ ಗೋಡೆಯಲ್ಲಿ ಸದ್ದು ಉಳಿದಿತ್ತು. ನಮ್ಮ ಹುಡುಗಿ ಅವರಲ್ಲೊಬ್ಬಳ ಅಂಗೈ ಹಿಡಿದು ನೋಡುತ್ತಿದ್ದಳು. ಡೊಳ್ಳು ಬಾರಿಸುವ ಕೋಲು, ಗುಣಿ, ಹಿಡಿದು ಜಡ್ಡುಗಟ್ಟಿದ ಅಂಗೈ.

ಹತ್ತು ಗಂಟೆಗೆ ನಮ್ಮದು ಶುರು. ಮೊದಲು ಭಕ್ತಿಗೀತೆ, ಆಮೇಲೆ ಸಿನಿಮಾ. ಮೂರರ ಹೊತ್ತಿಗೆ ಜಮಖಾನದ ಮೇಲೆ ಅರ್ಧ ಜನ ಮಲಗಿದ್ದರು. ಮಾಲೀಕರು ಬಂದು “ಜೋರಾಗಿ ಬಾರಿಸಿ ಅಕ್ಕ, ಎಲ್ಲಾ ತೂಕಡಿಸ್ತಾವ್ರೆ” ಅಂದರು. ಜೋರು ಮಾಡಿದರೆ ಮಲಗಿದವರು ಮಗ್ಗುಲು ಬದಲಿಸುತ್ತಾರೆ, ಅಷ್ಟೇ. ನಾನು ಹೈ-ಹ್ಯಾಟ್ ಬಿಟ್ಟು ರೈಡ್ ಸಿಂಬಲಿಗೆ ಹೋದೆ, ಕಿಕ್ಕನ್ನು ನಾಲ್ಕೂ ಮಾತ್ರೆಗೆ ಇಳಿಸಿದೆ. ಡಿಸ್ಕೊ ಕಾಲದಿಂದ ಜಗತ್ತನ್ನೆಲ್ಲ ಕುಣಿಸಿರುವ ಪೆಟ್ಟು ಇದೇ, ಬಿಡದೆ ಒಂದೇ ಸಮ ನಾಲ್ಕು. ಎರಡನೆಯ ಚರಣದ ಹೊತ್ತಿಗೆ ಮುದುಕರೊಬ್ಬರು ಎದ್ದು ಕೂತು ತೊಡೆ ತಟ್ಟತೊಡಗಿದರು. ಅವರ ಹಿಂದೆ ಹುಡುಗರು ಎದ್ದರು.

ಬೆಳಗಿನ ಜಾವದ ತಂಪಿಗೆ ಢೋಲಕ್ಕಿನ ಚರ್ಮ ಸಡಿಲವಾಗಿ ದನಿ ಕೂತಿತು. ಡ್ರಮ್ಸ್‌ಗೆ ಆ ಕಷ್ಟವಿಲ್ಲ. 1957ರ ಹೊತ್ತಿಗೆ ಪ್ಲಾಸ್ಟಿಕ್ ಹೊದಿಕೆ ಬಂದ ಮೇಲೆ ಮಳೆ, ಚಳಿ ಯಾವುದಕ್ಕೂ ಅದು ಜಗ್ಗುವುದಿಲ್ಲ. ನಾಲ್ಕು ಗಂಟೆಗೆ ನಾನು ಎದ್ದು ಹುಡುಗಿಯನ್ನು ಕೂರಿಸಿದೆ. ಹಾಡು ನಿಧಾನದ್ದು, ಹಾಡುವವರು ನಮ್ಮ ತಂಡದ ಹಿರಿಯರು. ಸಾಲಿನ ಕೊನೆಯನ್ನು ಅವರು ಎಳೆಯುತ್ತಾರೆ, ಒಂದೊಂದು ಸಲ ಒಂದೊಂದು ರೀತಿ. ಹೊಸ ಡ್ರಮ್ಮರ್‌ಗಳು ಇಲ್ಲೇ ಅವರ ಕೊರಳ ಮೇಲೆ ಬೀಳುವುದು. ಹುಡುಗಿ ಬೀಳಲಿಲ್ಲ. ತಾನೂ ತುಟಿಯೊಳಗೆ ಹಾಡುತ್ತಿದ್ದಳು, ಸದ್ದಿಲ್ಲದೆ. ಅವರ ಎಳೆತ ಮುಗಿಯುವವರೆಗೆ ಹೈ-ಹ್ಯಾಟನ್ನು ಕಾಲಿನಿಂದ ಮುಚ್ಚಿ ಹಿಡಿದು, ಅವರು ಉಸಿರು ತೆಗೆದುಕೊಂಡ ಕಡೆ ಸ್ನೇರ್ ಮೇಲೆ ಮೂರು ಮೆಲುಪೆಟ್ಟು ಇಟ್ಟು ಮುಂದಿನ ಸಾಲಿಗೆ ಕೈಹಿಡಿದು ಕರೆತಂದಳು. ಮೈಯಲ್ಲಿ ಮುಳ್ಳೆದ್ದಿತು ನನಗೆ.

ಹಾಡು ಮುಗಿಸಿ ಹಿರಿಯರು ಹಿಂದೆ ತಿರುಗಿ, “ಯಾರವ್ವಾ ನೀನು? ಉಸಿರು ತಗೊಳಕ್ಕೆ ಜಾಗ ಬಿಟ್ಟೆ, ತಾಯಿ” ಅಂದರು. ಮೈಕ್ ಆನ್ ಇತ್ತು. ಊರೆಲ್ಲ ಕೇಳಿಸಿಕೊಂಡಿತು.

ಮಾರ್ಚ್ 17, ಭಾನುವಾರ

ಮಾಲೀಕರ ಹತ್ತಿರ ಕೂತು ಮಾತಾಡಿದೆ. ಅವರ ಲೆಕ್ಕ ಅವರಿಗೆ. ಹೆಣ್ಣುದನಿ ಸಿಗುವುದು ಕಷ್ಟ, ಇರುವ ಗಾಯಕಿಯರು ರೇಟು ಏರಿಸಿದ್ದಾರೆ, ಪೋಸ್ಟರಿನಲ್ಲಿ ಹುಡುಗಿಯ ಮುಖ ಬೇಕು. ಅವರ ಮಾತು ಸುಳ್ಳಲ್ಲ. ನನ್ನದನ್ನೂ ಹೇಳಿದೆ. ಆ ಹುಡುಗಿ ಹಾಡಬಲ್ಲಳು, ಅದಕ್ಕೇ ಅವಳು ಡ್ರಮ್ಸ್‌ನಲ್ಲಿ ಇರಬೇಕು. ಹಾಡು ಗೊತ್ತಿರುವ ಕೈ ಹಿಂದೆ ಕೂತರೆ ಮುಂದೆ ನಿಂತ ಯಾರೇ ಹಾಡಲಿ, ಅವರು ಇದ್ದದ್ದಕ್ಕಿಂತ ಚೆನ್ನಾಗಿ ಹಾಡುತ್ತಾರೆ. ಕೇರನ್‌ಳನ್ನು ಎಬ್ಬಿಸಿದವರು ಇದನ್ನು ಕೇಳಿಸಿಕೊಳ್ಳಲಿಲ್ಲ. ಅವಳ ದನಿಯನ್ನು ಹಿಡಿದುಕೊಂಡು ಅವಳ ಕಿವಿಯನ್ನು ಕೈಬಿಟ್ಟರು.

ಅವರು ತಲೆ ಕೆರೆದುಕೊಂಡರು. “ಹೆಂಗಸರು ಡ್ರಮ್ಸ್ ನುಡಿಸಿದ್ರೆ ಒಂದು ಹಾಡಿಗೆ ಜನ ನೋಡ್ತಾರೆ ಅಕ್ಕ, ಆಮೇಲೆ ಮರೀತಾರೆ.” ಮರೆಯಲಿ. ಹಾಡು ಸರಿಯಾಗಿ ನಡೆಯುತ್ತಿರುವಾಗ ಡ್ರಮ್ಮರ್‌ನನ್ನು ಮರೆಯುವುದೇ ಸರಿ. ಗಂಡಸರನ್ನು ಹಾಗೆ ಎಷ್ಟು ಕಾಲದಿಂದ ಮರೆತಿದ್ದೇವೆ! ಆ ಮರೆವು ನಮಗೂ ಸಿಗಬೇಕು.

ಮನೆಗೆ ಬಂದು ವಯೋಲಾ ಸ್ಮಿತ್ ಬಗ್ಗೆ ಮತ್ತೆ ಓದಿದೆ. 1912ರಲ್ಲಿ ವಿಸ್ಕಾನ್ಸಿನ್‌ನ ಹಳ್ಳಿಯೊಂದರಲ್ಲಿ ಹುಟ್ಟಿ, ಅಕ್ಕತಂಗಿಯರ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಹಿಡಿದವರು. ಎರಡು ದೊಡ್ಡ ಟಾಮ್‌ಗಳನ್ನು ಭುಜದೆತ್ತರಕ್ಕೆ ನಿಲ್ಲಿಸಿಕೊಂಡು ನುಡಿಸುತ್ತಿದ್ದರು. ಗಂಡಸರೆಲ್ಲ ಯುದ್ಧಕ್ಕೆ ಹೋಗುತ್ತಿದ್ದ 1942ರಲ್ಲಿ ‘ಡೌನ್ ಬೀಟ್’ ಪತ್ರಿಕೆಗೆ ಲೇಖನ ಬರೆದು, ಖಾಲಿಯಾದ ಜಾಗಗಳಿಗೆ ಹೆಣ್ಣು ವಾದಕರನ್ನು ತೆಗೆದುಕೊಳ್ಳಿ ಎಂದು ಬ್ಯಾಂಡಿನ ಯಜಮಾನರನ್ನು ಕೇಳಿದರು. 1960ರ ದಶಕದಲ್ಲಿ ಬ್ರಾಡ್‌ವೇಯ ‘ಕ್ಯಾಬರೆ’ ನಾಟಕಕ್ಕೂ ನುಡಿಸಿದರು. 2020ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಅವರು ಲೇಖನ ಬರೆದಾಗ ಶೀಲಾ ಇ. ಹುಟ್ಟಿರಲಿಲ್ಲ. ಆ ಶೀಲಾ ಟಿಂಬಾಲಿಸ್ ನುಡಿಸುವ ಅಪ್ಪನ ಮಗಳಾಗಿ ಬೆಳೆದು, 1984ರಲ್ಲಿ ಹಾಡಿ ನುಡಿಸಿ ಎರಡರಲ್ಲೂ ಹೆಸರಾಗಿ, ಮುಂದೆ ಪ್ರಿನ್ಸ್ ತಂಡದಲ್ಲಿ ಡ್ರಮ್ಸ್ ಹಿಂದೆ ಕೂತಳು. ಅವಳನ್ನು ಯಾರೂ ಎಬ್ಬಿಸಲಿಲ್ಲ.

ಹುಡುಗಿಯ ತಾಯಿಗೂ ಶಿವರಾತ್ರಿಯ ವಿಷಯ ಗೊತ್ತಾಗಿದೆ. ಹಿರಿಯರು ಮೈಕಿನಲ್ಲಿ ಹೇಳಿದ ಮಾತನ್ನು ಯಾರೋ ರೆಕಾರ್ಡ್ ಮಾಡಿ ಕಳಿಸಿದ್ದರಂತೆ. “ಅಷ್ಟು ದೊಡ್ಡವರು ಹೇಳಿದ್ಮೇಲೆ ನಾನೇನು ಹೇಳಲಿ ಮೇಡಂ” ಅಂದರು. ಅಷ್ಟು ದೊಡ್ಡವರು ಹೇಳಬೇಕಾಯಿತಲ್ಲ ಎಂಬುದು ನನ್ನ ಸಂಕಟ. ಮಗಳನ್ನೇ ಕೇಳಿ ಎಂದೆ. ಅಲ್ಲೇ ಕೇಳಿದರು. ಹುಡುಗಿ, “ಮನೇಲಿ ಹಾಡ್ತೀನಿ ಅಮ್ಮ. ಸ್ಟೇಜಲ್ಲಿ ನುಡಿಸ್ತೀನಿ” ಅಂದಳು.

ಮಾರ್ಚ್ 31, ಭಾನುವಾರ

ಏಪ್ರಿಲ್ 13ರ ಯುಗಾದಿ ಸಂಗೀತ ಸಂಜೆಯ ಪಟ್ಟಿ ಬಂತು. ಕೀಬೋರ್ಡ್ ಇಬ್ಬರು, ಬೇಸ್ ಒಬ್ಬರು, ಕೊಳಲು ಒಬ್ಬರು. ಮೃದಂಗ ಮತ್ತು ಪ್ಯಾಡ್ ನನ್ನದು. ಡ್ರಮ್ಸ್ ಎಂಬುದರ ಮುಂದೆ ಹುಡುಗಿಯ ಹೆಸರಿದೆ, ಪೇಮೆಂಟು ಹೋದ ವರ್ಷ ನನಗೆ ಕೊಟ್ಟಷ್ಟೇ. ಹೆಣ್ಣುದನಿಗೆ ಇನ್ನೂ ಯಾರೂ ಗೊತ್ತಾಗಿಲ್ಲ. ಮಾಲೀಕರು ಮಂಡ್ಯದಲ್ಲಿ ಇಬ್ಬರನ್ನು ವಿಚಾರಿಸಿದ್ದಾರೆ.